ಬಿಚ್ಚಿದ ಹೆಣಿಗೆಯ ನೂಲು
ಹಳೆಯ ಸ್ವೆಟರ್, ಮಫ್ಲರ್, ಕುಲಾವಿಗಳನ್ನು ಬಿಚ್ಚಿ ಅದೇ ಉಣ್ಣೆಯಿಂದ ಮತ್ತೆ ಹೆಣೆಯುವ ರೂಢಿಯಿದೆ. ಹೆಣಿಗೆಯಲ್ಲಿ ಒಂದೇ ಎಳೆ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುವುದರಿಂದ, ಕೊನೆಯ ಗಂಟು ಬಿಡಿಸಿ ಎಳೆದರೆ ಸಾಲುಸಾಲಾಗಿ ಕಳಚುತ್ತದೆ. ನೇಯ್ದ ಕಂಬಳಿಗೆ ಈ ಅನುಕೂಲವಿಲ್ಲ.

ಮೊದಲು ತೋಳು ಮತ್ತು ಪಕ್ಕದ ಹೊಲಿಗೆ ಬಿಚ್ಚಬೇಕು. ಅಂಚಿಗೆ ಓವರ್‌ಲಾಕ್ ಹೊಡೆದ ಸ್ವೆಟರನ್ನು ಮುಟ್ಟದಿರುವುದೇ ಲೇಸು: ಕತ್ತರಿಸಿ ಹೊಲಿದ ಕಾರಣ ಪ್ರತಿ ಸಾಲಿಗೂ ಎಳೆ ತುಂಡಾಗಿರುತ್ತದೆ. ಬಿಸಿನೀರಲ್ಲಿ ತಿಕ್ಕಿ ಜಡೆಗಟ್ಟಿದ ಉಣ್ಣೆಯೂ ಬಿಚ್ಚಿಬರದು. ಬಿಚ್ಚಿದ ಎಳೆ ಗುಂಗುರು ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ನೆರಳಿಗೆ ತೂಗುಹಾಕಿದರೆ ನೆಟ್ಟಗಾಗುತ್ತದೆ. ಮೊಣಕೈ ಭಾಗದ ಸವೆದ ನೂಲನ್ನು ಬೇರೆ ಇಡುವುದು ಜಾಣತನ.

1941ರಲ್ಲಿ ಬಟ್ಟೆಗೆ ಪಡಿತರ ಬಂದಾಗ ಬ್ರಿಟನ್ನಿನ ಮನೆಗಳಲ್ಲಿ ಈ ಕೆಲಸ ಹೆಚ್ಚಿತು. ಆದರೆ ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿ ಸೀಮೆಯಲ್ಲಿ ಹಳೆಬಟ್ಟೆಯ ಮರುಬಳಕೆಯೆಂದರೆ ಕೌದಿ: ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಕೈಯಿಂದ ದಾರ ಓಡಿಸಿ ಹೊಲಿದ ಹೊದಿಕೆ. ಇತ್ತ ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಬಟ್ಟೆಯನ್ನು ಯಂತ್ರದಲ್ಲಿ ಚಿಂದಿಮಾಡಿ, ನಾರು ಬಿಡಿಸಿ, ಮತ್ತೆ ನೂತು ಅಗ್ಗದ ಕಂಬಳಿ ನೇಯುತ್ತಾರೆ. ಆ ನಾರು ಗಿಡ್ಡ, ನೂಲೂ ಬಡಕಲು. ಕೈಯಲ್ಲಿ ಬಿಚ್ಚಿದ ಎಳೆಯ ಗಟ್ಟಿತನ ಅದಕ್ಕೆ ಬಾರದು.