ಮಂತ್ರದ ಪುಸ್ತಕ ಸಿಕ್ಕರೆ ಮಂತ್ರ ಬರುತ್ತಾ? ವಡೋದರಾದ ‘ಸಾಧನಮಾಲಾ’ ಕಥೆ

1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಮಂತ್ರವಾದಿ ತನ್ನ ಪುಸ್ತಕ ನೋಡಿ ಮಂತ್ರ ಬಾಯಿಪಾಠ ಮಾಡ್ಬೇಕಿತ್ತು. ಪ್ರಯೋಗಿಸಿದ ಮೇಲೆ ಅದು ಮರೆತೇ ಹೋಗ್ತಿತ್ತು. ಜ್ಯಾಕ್ ವ್ಯಾನ್ಸ್ ಕಥೆಗಳಿಂದ ಬಂದ ಕಲ್ಪನೆ ಇದು.

ಅಹಮದಾಬಾದ್, ಸೂರತ್‌ಗಳಲ್ಲಿ ಕೆಲಸ ಮಾಡೋ ನಮ್ಮವರ ಪಕ್ಕದ ವಡೋದರಾದಿಂದಲೇ ನಿಜವಾದ ಮಂತ್ರಪುಸ್ತಕವೊಂದು ಹೊರಬಂದಿದೆ. ಅದೇ ವಜ್ರಯಾನ ಬೌದ್ಧರ ‘ಸಾಧನಮಾಲಾ’. ಬಿನಯತೋಷ ಭಟ್ಟಾಚಾರ್ಯರು ಸಂಪಾದಿಸಿದ ಇದರ ಎರಡು ಸಂಪುಟಗಳು ಗಾಯಕವಾಡ್ ಓರಿಯೆಂಟಲ್ ಸೀರೀಸ್‌ನಲ್ಲಿ 1925 ಮತ್ತು 1928ರಲ್ಲಿ ಪ್ರಕಟವಾದವು. ಒಟ್ಟು 312 ಸಾಧನೆಗಳು.

ಇಲ್ಲಿ ಮಂತ್ರ ಕಲಿಯೋದು ಹೇಗೆ? ಮೊದಲು ಗುರುವಿನಿಂದ ದೀಕ್ಷೆ. ಆಮೇಲೆ ಬೀಜಾಕ್ಷರದಿಂದ ಶುರುಮಾಡಿ ದೇವತೆಯ ಬಣ್ಣ, ಕೈಗಳು, ಆಯುಧ ಎಲ್ಲವನ್ನೂ ಮನಸ್ಸಿನಲ್ಲೇ ಕಟ್ಟಬೇಕು. ಧ್ಯಾನ ಮಾಡಿ ದಣಿದಾಗ ಜಪ. ಆಟದ ಮಂತ್ರ ಒಂದೇ ಸಲಕ್ಕೆ ಖಾಲಿಯಾಗ್ತಿತ್ತು. ಇಲ್ಲಿ ಜಪಿಸಿದಷ್ಟೂ ಗಟ್ಟಿ.

ಪುಸ್ತಕ ಕೊಂಡವರೆಲ್ಲ ಸಾಧಕರಾಗಲಿಲ್ಲ, ನಿಜ. ಆದರೆ ದೀಕ್ಷೆ ಪಡೆದವರಿಗಷ್ಟೇ ಮೀಸಲಾಗಿದ್ದ ಆ ವರ್ಣನೆಗಳು ಇತಿಹಾಸಕಾರರ ಕೈಸೇರಿದವು. ಮ್ಯೂಸಿಯಂಗಳಲ್ಲಿ ಹೆಸರಿಲ್ಲದೆ ನಿಂತಿದ್ದ ಎಷ್ಟೋ ಬೌದ್ಧ ಮೂರ್ತಿಗಳು ಯಾರದು ಅಂತ ಗುರುತು ಹಿಡಿಯೋಕೆ ಸಾಧ್ಯವಾಗಿದ್ದು ಇವುಗಳಿಂದಲೇ. ಮುಂದಿನ ಸಲ ಮ್ಯೂಸಿಯಂಗೆ ಹೋದಾಗ ಮೂರ್ತಿಯ ಕೈಯಲ್ಲೇನಿದೆ ಅಂತ ಸ್ವಲ್ಪ ಗಮನಿಸಿ ನೋಡಿ.