ನಂದಿದುರ್ಗದ ಮೇಘ

ನಂದಿದುರ್ಗವು ಸಮುದ್ರಮಟ್ಟದಿಂದ ಸುಮಾರು 4,850 ಅಡಿ ಎತ್ತರದಲ್ಲಿರುವುದೆಂದು ನಾನು ಬಹುಕಾಲ ಮಕ್ಕಳಿಗೆ ಬೋಧಿಸಿದೆನು. ಆ ಎತ್ತರದ ಅರ್ಥವನ್ನು ಸ್ವತಃ ಕಲಿತದ್ದು ಕಳೆದ ಆಶ್ವಯುಜದಲ್ಲಿ.

ಅಬ್ಬಿಗೆರೆಯಿಂದ ನಾವು ನಾಲ್ವರು ಮಿತ್ರರು ಬೆಳಗಿನ ಜಾವ ಹೊರಟು, ಭೋಗನಂದೀಶ್ವರನ ದರ್ಶನ ಮಾಡಿಕೊಂಡು, ಸುಲ್ತಾನಪೇಟೆಯ ಕಡೆಯ ಮೆಟ್ಟಿಲ ದಾರಿಯನ್ನು ಹಿಡಿದೆವು. ಆಕಾಶವು ನಿರ್ಮಲವಾಗಿತ್ತು. ಕೊಡೆಗಳೇತಕ್ಕೆಂದು ಅವನ್ನು ಬಿಡಿಸಿದವನು ನಾನೇ. ಅರ್ಧ ದಾರಿ ಕಳೆಯುವಷ್ಟರಲ್ಲಿ ಕಣಿವೆಯಿಂದ ಮೋಡವೆದ್ದು ಮಾರುದೂರದ ಮನುಷ್ಯನೂ ಕಾಣದಂತಾಯಿತು. ಬೆನ್ನಿಗೇ ಮಳೆ ಸುರಿಯಿತು. ನಮ್ಮಲ್ಲಿ ಹಿರಿಯರೊಬ್ಬರು ಜಾರಿಬಿದ್ದರು. ದೈವವಶಾತ್ ಮೊಣಕಾಲು ತರಚಿತಷ್ಟೆ. ಅವರ ಕೈಹಿಡಿದು ಹಳೆಯ ಕೋಟೆಗೋಡೆಯ ಮರೆಯಲ್ಲಿ ನಿಂತೆವು. “ಮೇಷ್ಟ್ರೇ, ಬರಿಯ ಮಳೆಗೇ ನಮ್ಮ ಪಾಡು ಹೀಗಾದರೆ, ಯುದ್ಧಕ್ಕೆಂದು ಹತ್ತಿದವರ ಗತಿಯೇನು?” ಎಂದರು ಅವರು.

ಪ್ರಶ್ನೆ ಉಚಿತವಾದುದೇ. ಮೂರನೆಯ ಮೈಸೂರು ಯುದ್ಧದಲ್ಲಿ, ಸುಮಾರು ಇದೇ ಋತುವಿನಲ್ಲಿ, ಕಂಪನಿಯ ಸೈನ್ಯವು ಟಿಪ್ಪುವಿನ ಈ ದುರ್ಗವನ್ನು ಮೂರು ವಾರ ಮುತ್ತಿ, 1791ರ ಅಕ್ಟೋಬರ್ 19ರ ನಸುಕಿನಲ್ಲಿ ವಶಪಡಿಸಿಕೊಂಡಿತು. ಏರುವವರ ಮೇಲೆ ಕೋಟೆಯವರು ಬಂಡೆಗಳನ್ನುರುಳಿಸಿದರು. ಅಂದು ಆಯುಧವಾಗಿದ್ದ ಈ ಎತ್ತರವೇ ಮುಂದೆ ಔಷಧವಾಯಿತು. ಕಮಿಷನರ್ ಮಾರ್ಕ್ ಕಬ್ಬನ್ ಇಲ್ಲಿ ಬೇಸಗೆಯ ಬಂಗಲೆಯನ್ನು ಕಟ್ಟಿಸಿದನು. 1927ರಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿಯವರು ಇಲ್ಲಿಯೇ ವಿಶ್ರಮಿಸಿ ಚೇತರಿಸಿಕೊಂಡರು.

ಗಳಿಗೆಯೆರಡು ಕಳೆಯಲು ಮಳೆ ನಿಂತು ಬಿಸಿಲು ಬಂತು. ಮೆಟ್ಟಿಲುಗಳ ಮೇಲೆ ನೀರು ಸಣ್ಣ ತೊರೆಗಳಾಗಿ ಇಳಿಯುತ್ತಿದ್ದಿತು. ಅದನ್ನು ನೋಡುತ್ತ ನನಗೆ ನಮ್ಮೂರಿನ ಕಡೆಯ ಸಂಗತಿಯೊಂದು ನೆನಪಾಯಿತು. ಅರ್ಕಾವತಿ ಹುಟ್ಟುವುದು ಈ ಬೆಟ್ಟಗಳಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಜಲಾಶಯ ನಿರ್ಮಾಣವಾದುದು ಆ ನದಿಗೇ. ಅಲ್ಲಿಂದ ಸೋಲದೇವನಹಳ್ಳಿಯ ಯಂತ್ರಾಗಾರದ ಮೂಲಕ ಬೆಂಗಳೂರಿಗೆ ಕುಡಿಯುವ ನೀರು ಹೋಯಿತು. ಬೆಟ್ಟದ ಮೇಘವನ್ನೇ ನಗರವು ಕೊಡದಲ್ಲಿ ತುಂಬಿಕೊಂಡಿತೆನ್ನಬಹುದು. ಈಚೆಗೆ ಆ ಜಲಾಶಯವು ವರುಷಗಟ್ಟಲೆ ಬರಿದಾಗಿದ್ದುದನ್ನು ನಾವೇ ಕಂಡಿದ್ದೇವೆ. ಮೇಘವು ಬೆಟ್ಟವನ್ನು ಮರೆತಿಲ್ಲ. ನೀರಿನ ದಾರಿಯನ್ನು ಮುಚ್ಚಿ ಮರೆತವರು ನಾವು.

ದುರ್ಗದ ಚರಿತ್ರೆಯೆಂದರೆ ಮುತ್ತಿಗೆಗಳ ಚರಿತ್ರೆಯೆಂದೇ ನಾನು ಪಾಠ ಹೇಳಿದ್ದೆನು. ಅದರ ಮಳೆಯ ಚರಿತ್ರೆಯನ್ನೂ ಹೇಳಬೇಕಾಗಿತ್ತು. ಕೊಡೆಯ ಮಾತನ್ನಂತೂ ಮಿತ್ರರು ಇನ್ನೂ ಬಿಟ್ಟಿಲ್ಲ.