ಬಸವಳಿಕೆ ಮತ್ತು ತನ್ಮಯತೆ: ಕಲ್ಕತ್ತೆಯ ಮನೋವಿಜ್ಞಾನ ಪರಂಪರೆಯ ಬೆಳಕಿನಲ್ಲಿ

ದುಡಿದ ದೇಹಕ್ಕೆ ದಣಿವು ಸಹಜವಾದುದು. ಒಂದು ರಾತ್ರಿಯ ನಿದ್ರೆ ಅದನ್ನು ನೀಗುತ್ತದೆ. ಆದರೆ ನಿದ್ರೆಯಿಂದಲೂ ರಜೆಯಿಂದಲೂ ನೀಗದ ಮತ್ತೊಂದು ಬಗೆಯ ಬಳಲಿಕೆಯುಂಟು. ಅದಕ್ಕೆ ಒಳಗಾದವನಿಗೆ ಕೆಲಸದಲ್ಲಿ ಸೊಗಸಿಲ್ಲ, ಜೊತೆಯವರಲ್ಲಿ ಆದರವಿಲ್ಲ, ತನ್ನ ಸಾಮರ್ಥ್ಯದಲ್ಲಿಯೇ ನಂಬಿಕೆಯಿಲ್ಲ. ಈ ಸ್ಥಿತಿಗೆ ಕನ್ನಡದ ‘ಬಸವಳಿಕೆ’ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ. 1974ರಲ್ಲಿ ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದನ್ನು ‘ಬರ್ನ್‌ಔಟ್’ ಎಂದು ಕರೆದರು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ನಿರೂಪಿಸಿತು. ಹೆಸರು ಹೊಸದಾದರೂ ವಿಚಾರ ಹಳೆಯದು. ಅದರ ಭಾರತೀಯ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಕಲ್ಕತ್ತೆಯಲ್ಲಿ ಬರೆಯಲ್ಪಟ್ಟಿತು; ಆ ಅಧ್ಯಾಯದ ಮುಂದಿನ ಪುಟವೊಂದು ಮೈಸೂರಿನದು.

ಹೂಗ್ಲಿ ನದಿಯ ದಂಡೆಯ ಸೆಣಬಿನ ಗಿರಣಿಗಳಿಗೆ 1890ರ ದಶಕದಲ್ಲಿ ವಿದ್ಯುದ್ದೀಪ ಬಂದಿತು. ಅದುವರೆಗೆ ದುಡಿಮೆಯ ಎಲ್ಲೆಯನ್ನು ಕಾಯುತ್ತಿದ್ದವನು ಸೂರ್ಯ. ದೀಪ ಬಂದ ಮೇಲೆ ಆ ಎಲ್ಲೆ ಅಳಿಸಿಹೋಯಿತು. 1911ರ ಕಾರ್ಖಾನೆ ಶಾಸನವು ನೂಲು ಬಟ್ಟೆಗಳ ಗಿರಣಿಗಳಲ್ಲಿ ವಯಸ್ಕ ಪುರುಷರ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಮಿತಗೊಳಿಸಿತು. 1922ರಲ್ಲಿ ಮಿತಿ ವಾರಕ್ಕೆ 60 ಗಂಟೆಗೂ ಮುಂದೆ 48 ಗಂಟೆಗೂ ಇಳಿಯಿತು. ಶಾಸನವು ಗಂಟೆಯನ್ನು ಎಣಿಸಬಲ್ಲದು. ಆ ಗಂಟೆಗಳೊಳಗೆ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಅರಿಯಲು ಬೇರೊಂದು ಶಾಸ್ತ್ರವೇ ಬೇಕಾಗಿದ್ದಿತು.

ಆ ಶಾಸ್ತ್ರಕ್ಕೆ ಭಾರತದಲ್ಲಿ ಮೊದಲ ನೆಲೆಯನ್ನು ಒದಗಿಸಿದುದು ಕಲ್ಕತ್ತಾ ವಿಶ್ವವಿದ್ಯಾನಿಲಯ. ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮವನ್ನು 1905ರಲ್ಲಿಯೇ ಆಚಾರ್ಯ ಬ್ರಜೇಂದ್ರನಾಥ ಸೀಲರು ಸಿದ್ಧಪಡಿಸಿದ್ದರು. 1916ರಲ್ಲಿ ಪ್ರತ್ಯೇಕ ವಿಭಾಗವೂ ಪ್ರಯೋಗಶಾಲೆಯೂ ಸ್ಥಾಪಿತವಾದುವು. ಅದನ್ನು ನಡೆಸಿದ ನರೇಂದ್ರನಾಥ ಸೇನಗುಪ್ತರು ಹಾರ್ವರ್ಡಿನಲ್ಲಿ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗರ ಶಿಷ್ಯರು. ಆಯಾಸ, ಬೇಸರ, ಏಕತಾನತೆ ಇವುಗಳನ್ನು ಕೈಗಾರಿಕಾ ಜೀವನದ ಸಮಸ್ಯೆಗಳೆಂದು ವಿಚಾರಿಸಿದವರಲ್ಲಿ ಮ್ಯೂನ್‌ಸ್ಟರ್‌ಬರ್ಗರು ಮೊದಲಿಗರು. ಒಂದೇ ಕೆಲಸ ಒಬ್ಬನಿಗೆ ಬೇಸರವಾಗಿಯೂ ಮತ್ತೊಬ್ಬನಿಗೆ ರುಚಿಯಾಗಿಯೂ ತೋರುವುದುಂಟೆಂದು ಅವರು ಕಂಡುಕೊಂಡಿದ್ದರು. 1938ರಲ್ಲಿ ಅನ್ವಯ ಮನೋವಿಜ್ಞಾನದ ಶಾಖೆಯೊಂದು ಇದೇ ವಿಭಾಗದಲ್ಲಿ ತೆರೆಯಿತು. ಗಿರೀಂದ್ರಶೇಖರ ಬೋಸರು 1922ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಕಟ್ಟಿದುದೂ ಇದೇ ನಗರದಲ್ಲಿ.

ಕನ್ನಡಿಗರು ಇಲ್ಲಿ ನೆನೆಯಬೇಕಾದ ಸಂಗತಿಯೊಂದಿದೆ. ಅದೇ ಸೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದು 1930ರವರೆಗೆ ಅದನ್ನು ನಡೆಸಿದರು. ಅವರ ಕಾಲದಲ್ಲಿಯೇ, 1924ರಲ್ಲಿ, ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಕಲ್ಕತ್ತೆಯಲ್ಲಿ ನೆಟ್ಟ ಬಳ್ಳಿ ಕಾವೇರಿಯ ಸೀಮೆಯಲ್ಲಿಯೂ ಹಬ್ಬಿತೆನ್ನಲು ಅಡ್ಡಿಯಿಲ್ಲ.

ಬಸವಳಿಕೆ ಗಿರಣಿಗೆ ಮಾತ್ರ ಸೀಮಿತವಲ್ಲ. ಮೈಕೇಲ್ ಸ್ಯಾಡ್ಲರರ ಅಧ್ಯಕ್ಷತೆಯ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗವು 1917ರಿಂದ 1919ರವರೆಗೆ ವಿಚಾರಣೆ ನಡೆಸಿತು. ಬಂಗಾಳದ ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳ ಸಂಖ್ಯೆ ಆಗ ಸುಮಾರು 26,000. ಬ್ರಿಟನ್ನಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಆದರೆ ಇಲ್ಲಿನ ಬೋಧನೆ ಪರೀಕ್ಷೆಯ ದಾಸಿಯಾಗಿದೆಯೆಂಬುದು ಆಯೋಗದ ಮುಖ್ಯ ಆಕ್ಷೇಪವಾಗಿತ್ತು. ಕಂಠಪಾಠ, ಇಕ್ಕಟ್ಟಾದ ವಸತಿ, ಪದವಿಯ ಆಚೆಗೆ ಕಾಣುವ ಗುಮಾಸ್ತಗಿರಿ: ಇವುಗಳ ನಡುವೆ ವಿದ್ಯೆಯಲ್ಲಿ ಪ್ರೀತಿ ಹುಟ್ಟುವುದಾದರೂ ಹೇಗೆ? ಓದಿನ ಭಾರವೊಂದೇ ವಿದ್ಯಾರ್ಥಿಯನ್ನು ಕುಗ್ಗಿಸಲಿಲ್ಲ. ಆ ಓದು ತನ್ನದಲ್ಲವೆಂಬ ಭಾವವೂ ಕುಗ್ಗಿಸಿತು. 2002ರಲ್ಲಿ ಯೂರೋಪಿನ ಶೌಫೆಲಿ ಮತ್ತು ಸಂಗಡಿಗರು ಬಸವಳಿಕೆಯ ಅಳತೆಯನ್ನು ವಿದ್ಯಾರ್ಥಿಗಳಿಗೂ ಅನ್ವಯಿಸಿ, ಅದಕ್ಕೆ ಎದುರಾದ ತನ್ಮಯತೆಯಲ್ಲಿ ಚೈತನ್ಯ, ನಿಷ್ಠೆ, ತಲ್ಲೀನತೆ ಎಂಬ ಮೂರು ಅಂಗಗಳನ್ನು ಗುರುತಿಸಿದರು.

ತನ್ಮಯತೆಗೆ ಉದಾಹರಣೆಯನ್ನು ದೂರ ಅರಸಬೇಕಾಗಿಲ್ಲ. 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ಚಂದ್ರಶೇಖರ ವೆಂಕಟರಾಮನ್ನರು ಹಗಲು ಲೆಕ್ಕಪತ್ರ ನೋಡಿ, ಬೆಳಗು ಸಂಜೆಗಳನ್ನು ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ಕಳೆದರು. 1876ರಲ್ಲಿ ಮಹೇಂದ್ರಲಾಲ ಸರ್ಕಾರರು ಸ್ಥಾಪಿಸಿದ ಆ ಸಂಸ್ಥೆ ಅವರಿಗೆ ಬಾಗಿಲು ತೆರೆಯಿತು. ಆಶುತೋಷ ಡೇ ಸಹಾಯಕರಾಗಿ ನಿಂತರು. 1917ರಲ್ಲಿ ಕಡಮೆ ಸಂಬಳಕ್ಕೆ ಒಪ್ಪಿ ಅವರು ಪಾಲಿತ್ ಪ್ರಾಧ್ಯಾಪಕರಾದರು. ಗಂಟೆಗಳ ಲೆಕ್ಕದಲ್ಲಿ ಅವರ ದುಡಿಮೆ ಇತರರಿಗಿಂತ ಹೆಚ್ಚಿನದೇ. ಆದರೆ ವಿಷಯವನ್ನು ಆರಿಸುವ ಸ್ವಾತಂತ್ರ್ಯ, ಫಲವನ್ನು ಕಣ್ಣಾರೆ ಕಾಣುವ ಅವಕಾಶ, ನೆರವಾಗುವ ಸಂಗಡಿಗ, ಈ ಮೂರೂ ಅವರಿಗಿದ್ದುವು. ಭಾರ ಹೆಚ್ಚಿ ಸ್ವಾತಂತ್ರ್ಯ ಕುಗ್ಗಿದಲ್ಲಿಯೇ ಕ್ಲೇಶ ತೀವ್ರವೆಂಬ ರಾಬರ್ಟ್ ಕರಾಸೆಕ್ಕರ 1979ರ ಸಿದ್ಧಾಂತಕ್ಕೆ ಇದು ಒಪ್ಪುತ್ತದೆ. ಗಿರಣಿಯ ಕೂಲಿಗೆ ಇವುಗಳಲ್ಲಿ ಒಂದೂ ಇರಲಿಲ್ಲವೆಂಬುದನ್ನು ಮರೆತು, ರಾಮನ್ನರ ನಿದರ್ಶನವನ್ನು ಎಲ್ಲರಿಗೂ ಉಪದೇಶವಾಗಿ ಹೇಳುವುದು ನ್ಯಾಯವಲ್ಲ.

ಕನ್ನಡಿಗರ ಕಾಯಕತತ್ತ್ವವನ್ನೂ ಈ ಬೆಳಕಿನಲ್ಲಿ ನೋಡಬೇಕು. ಬಿಡುವಿಲ್ಲದ ದುಡಿಮೆಗೆ ಧರ್ಮದ ಮುದ್ರೆಯನ್ನೊತ್ತಲು ಕಾಯಕದ ಹೆಸರನ್ನು ಬಳಸುವವರುಂಟು. ಆದರೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ಬೇರೆಯೇ ಹೇಳುತ್ತದೆ. ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದು ಆಸೆಯೆಂದು ಎಚ್ಚರಿಸಿ, ಹೆಚ್ಚಾದುದನ್ನು ಹಿಂದಿರುಗಿಸಿ ಬರಲು ಕಳುಹಿದಳು. ಕಾಯಕಕ್ಕೆ ಮಿತಿಯುಂಟು, ಅದರ ಫಲಕ್ಕೆ ದಾಸೋಹವೆಂಬ ಗುರಿಯುಂಟು. ಇವೆರಡನ್ನೂ ಕಳೆದರೆ ಉಳಿಯುವುದು ಬರಿಯ ದುಡಿತ.

ಆದುದರಿಂದ ಬಸವಳಿದವನನ್ನು ಸೋಮಾರಿಯೆಂದು ಜರೆಯುವುದು ಚರಿತ್ರೆಗೂ ಶಾಸ್ತ್ರಕ್ಕೂ ವಿರುದ್ಧ. ಊರು ಬಿಟ್ಟು ಮಹಾನಗರಗಳ ಕಚೇರಿ ಕಾಲೇಜುಗಳಲ್ಲಿ ನೆಲೆಸಿದವರಿಗೆ ಈ ವಿವೇಕ ಇನ್ನೂ ಅಗತ್ಯ. ಬಳಲಿಕೆಯನ್ನು ಹೇಳಿಕೊಳ್ಳಲು ಅವರಿಗೆ ನೆರೆಹೊರೆಯ ಬಂಧುಗಳಿರುವುದಿಲ್ಲ, ಮಾತೂ ಪರರದು. ದುಡಿಮೆಗೆ ಮಿತಿ, ದುಡಿಯುವವನಿಗೆ ಸ್ವಾತಂತ್ರ್ಯ, ಜೊತೆಗೆ ಮನಸ್ಸು ಬಿಚ್ಚಿ ಮಾತನಾಡಲು ತನ್ನವರ ಕೂಟ: ತನ್ಮಯತೆ ಬೆಳೆಯುವ ನೆಲ ಇದೇ. ಕೂಟವನ್ನಾದರೂ ಒದಗಿಸುವುದು ಪ್ರವಾಸಿ ಕನ್ನಡಿಗರ ಸಂಘಗಳ ಕೈಯಲ್ಲಿಯೇ ಇದೆ.